ವಿರಾಮಸ್ಥಿತಿಯಲ್ಲಿ ಲ್ಯಾಪ್‌ಟಾಪ್ ಪ್ರೊಸೆಸರಿನ ಏರಿಳಿತ

ಲ್ಯಾಪ್‌ಟಾಪು ಸುಮ್ಮನಿರುವಂತೆ ತೋರುವಾಗಲೂ ಅದರ ಪ್ರೊಸೆಸರಿನ ಕ್ಲಾಕ್ ವೇಗವೂ ವೋಲ್ಟೇಜೂ ಕ್ಷಣಕ್ಷಣಕ್ಕೆ ಏರಿಳಿಯುವುದು ದೋಷವಲ್ಲ. ವಿದ್ಯುತ್ತಿನ ಮಿತವ್ಯಯಕ್ಕಾಗಿ ಬುದ್ಧಿಪೂರ್ವಕವಾಗಿ ಕಲ್ಪಿಸಿದ ವ್ಯವಸ್ಥೆ. ಟ್ರಾನ್ಸಿಸ್ಟರುಗಳ ಸ್ಥಿತ್ಯಂತರಕ್ಕೆ ತಗಲುವ ವಿದ್ಯುತ್ತು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುವುದರಿಂದ, ವೋಲ್ಟೇಜು ಅರ್ಧಕ್ಕಿಳಿದರೆ, ವೇಗವು ಹಾಗೆಯೇ ಇದ್ದರೂ, ಆ ವ್ಯಯವು ಕಾಲುಭಾಗವಾಗುವುದು. ಆದರೆ ಕಡಿಮೆ ವೋಲ್ಟೇಜಿನಲ್ಲಿ ಟ್ರಾನ್ಸಿಸ್ಟರುಗಳು ಮಂದವಾಗುವುದರಿಂದ ಎರಡನ್ನೂ ಜೊತೆಯಾಗಿಯೇ ಇಳಿಸಬೇಕು.

ಪೂರ್ಣ ವಿಶ್ರಾಂತಿಯೆಂಬುದು ಯಂತ್ರಕ್ಕೆ ವಿರಳ. ವೈ-ಫೈಯ ಸಂಕೇತ, ಮೌಸಿನ ಅಲ್ಪ ಚಲನೆ, ಹಿನ್ನೆಲೆಯ ನವೀಕರಣ ಇವುಗಳಲ್ಲಿ ಯಾವುದೊಂದು ಕರೆದರೂ, ಪ್ರೊಸೆಸರು 800 ಮೆಗಾಹರ್ಟ್ಸ್‌ನಿಂದ 3 ಗಿಗಾಹರ್ಟ್ಸ್‌ನ ಆಚೆಗೆ ನೆಗೆದು, ಕಾರ್ಯವನ್ನು ಶೀಘ್ರವಾಗಿ ಮುಗಿಸಿ, ಮರಳಿ ಗಾಢನಿದ್ರೆಗಿಳಿಯಬಹುದು. ದೀರ್ಘಕಾಲ ಮಂದವಾಗಿ ದುಡಿಯುವುದಕ್ಕಿಂತ ಇದೇ ಅನೇಕ ವೇಳೆ ಲಾಭಕರ. ಏರಿಳಿತವನ್ನು ಅಳೆಯುವ ತಂತ್ರಾಂಶವೂ ಪ್ರತಿಯೊಂದು ಅಳತೆಗೂ ಪ್ರೊಸೆಸರನ್ನು ಎಚ್ಚರಗೊಳಿಸುವುದೆಂಬುದನ್ನು ವಿಶೇಷವಾಗಿ ಗಮನಿಸಬೇಕು.

ಇಂಟೆಲ್ ಸಂಸ್ಥೆಯು 2000ದಲ್ಲಿ ತಂದ ಸ್ಪೀಡ್‌ಸ್ಟೆಪ್ ವಿಧಾನದಲ್ಲಿ ವೇಗಗಳು ಎರಡೇ ಇದ್ದವು. 2015ರ ಸ್ಕೈಲೇಕ್ ಪೀಳಿಗೆಯಿಂದ ವೇಗನಿರ್ಣಯವು ಬಹುಮಟ್ಟಿಗೆ ಪ್ರೊಸೆಸರಿನದೇ ಆಯಿತು. ಮುಂಗಾರಿನಲ್ಲಿ ಮರಗಳುರುಳಿ ವಿದ್ಯುತ್ತು ಕಡಿಯುವ ಕೊಡಗಿನಲ್ಲಿ, ಕಾಫಿತೋಟದ ಲೆಕ್ಕವನ್ನು ಬ್ಯಾಟರಿಯ ಬಲದಿಂದಲೇ ಬರೆಯಬೇಕಾದವರಿಗೆ ಈ ಉಳಿತಾಯವು ಅಮೂಲ್ಯವಾದುದು. ಮಡಿಕೇರಿಯ ತಂಪು ಹವೆಯೂ ಪ್ರೊಸೆಸರಿನೊಳಗಿನ ಸೋರುವಿಕೆಯ ಪ್ರವಾಹವನ್ನು ಕೊಂಚ ತಗ್ಗಿಸುವುದು.

ಯಾವ ಕೆಲಸವಿಲ್ಲದೆಯೂ ವೇಗವು ಸದಾ ಉಚ್ಚಮಟ್ಟದಲ್ಲಿ ನಿಂತು ಫ್ಯಾನು ನಿಲ್ಲದೆ ತಿರುಗುತ್ತಿದ್ದರೆ ಮಾತ್ರ, ಹಿನ್ನೆಲೆಯ ತಂತ್ರಾಂಶವನ್ನೂ ವಿದ್ಯುತ್ ಬಳಕೆಯ ಸೆಟ್ಟಿಂಗನ್ನೂ ಪರೀಕ್ಷಿಸತಕ್ಕದ್ದು.