ಇಂಜಿನಿಯರ್ ಮೆಲ್ವಿಲ್

ಧ್ರುವಪ್ರದೇಶದ ಅನ್ವೇಷಕರೆಂದೊಡನೆ ನಮಗೆ ನೆನಪಾಗುವ ಹೆಸರುಗಳು ನಾನ್ಸೆನ್, ಅಮುಂಡ್ಸೆನ್, ಸ್ಕಾಟ್. ಹಡಗಿನ ತಳದಲ್ಲಿ, ಬಾಯ್ಲರಿನ ಬೆಂಕಿಯೆದುರು ಮಸಿ ಮೆತ್ತಿಕೊಂಡು ನಿಂತವರ ಹೆಸರು ಆ ಸಾಲಿಗೆ ಸೇರುವುದು ಅಪರೂಪ. ಅಂಥ ಅಪರೂಪದವನೊಬ್ಬ ಅಮೆರಿಕದ ನೌಕಾದಳದ ಇಂಜಿನಿಯರ್ ಜಾರ್ಜ್ ವ್ಯಾಲೇಸ್ ಮೆಲ್ವಿಲ್. ಅವನ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೆಲ್ವಿಲ್ ಹುಟ್ಟಿದ್ದು 1841ರಲ್ಲಿ, ನ್ಯೂಯಾರ್ಕಿನಲ್ಲಿ. ಅಂತರ್ಯುದ್ಧ ಆರಂಭವಾದ 1861ರಲ್ಲಿ ನೌಕಾದಳ ಸೇರಿದ. ಆ ಕಾಲದ ನೌಕಾದಳದಲ್ಲಿದ್ದ ಒಂದು ಜಾತಿಭೇದವನ್ನು ಇಲ್ಲಿ ಹೇಳಲೇಬೇಕು. ಹಾಯಿ ಕಟ್ಟಿ, ನಕ್ಷತ್ರ ನೋಡಿ ಹಡಗು ನಡೆಸುವ ಅಧಿಕಾರಿಗಳದು ಒಂದು ವರ್ಗ. ಉಗಿಯಂತ್ರದ ಬೆನ್ನಿಗೇ ಹಡಗು ಹತ್ತಿದ ಇಂಜಿನಿಯರುಗಳದು ಇನ್ನೊಂದು. ಸಂಬಳವಿತ್ತು, ಸಮವಸ್ತ್ರವಿತ್ತು; ಆದರೆ ಸಮುದ್ರದ ಮೇಲೆ ಆಜ್ಞೆ ಕೊಡುವ ಹಕ್ಕು ಇಂಜಿನಿಯರನಿಗೆ ಇರಲಿಲ್ಲ. ಮೆಲ್ವಿಲ್‌ನ ಬಾಳಿನ ಗಂಟು ಇರುವುದು ಇಲ್ಲಿ.

1879ರ ಜುಲೈ 8ರಂದು ‘ಜೆನೆಟ್’ ಎಂಬ ಹಡಗು ಸ್ಯಾನ್‌ಫ್ರಾನ್ಸಿಸ್ಕೋ ಬಿಟ್ಟಿತು. ಹಣ ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯ ಒಡೆಯ ಬೆನೆಟ್ಟನದು, ನಾಯಕತ್ವ ಡಿ ಲಾಂಗ್‌ನದು, ಹಡಗಿನಲ್ಲಿದ್ದವರು 33 ಮಂದಿ. ಬೇರಿಂಗ್ ಜಲಸಂಧಿಯ ಮೂಲಕ ಹರಿಯುವ ಬೆಚ್ಚನೆಯ ಪ್ರವಾಹ ಹಿಮದ ನಡುವೆ ದಾರಿ ತೆರೆದಿರುತ್ತದೆಂದು ಜರ್ಮನಿಯ ಭೂಗೋಳಜ್ಞ ಪೀಟರ್ಮನ್ ನಂಬಿದ್ದ. ಕೋಣೆಯಲ್ಲಿ ಕುಳಿತು ಭೂಪಟ ಬರೆದವನ ನಂಬಿಕೆಗೆ ಕಡಲಿಗಿಳಿದವರು ಬೆಲೆ ತೆತ್ತರು. ಸೆಪ್ಟೆಂಬರ್ ಮೊದಲ ವಾರದಲ್ಲೇ ಹಡಗು ಹಿಮದಲ್ಲಿ ಸಿಕ್ಕಿಕೊಂಡಿತು. ಮತ್ತೆ ಬಿಡುಗಡೆಯಾಗಲಿಲ್ಲ.

ಹಡಗೇ ಚಲಿಸದಿದ್ದರೆ ಇಂಜಿನಿಯರನಿಗೇನು ಕೆಲಸ? 1880ರ ಜನವರಿಯಲ್ಲಿ ಹಿಮದ ಒತ್ತಡಕ್ಕೆ ಹಡಗಿನ ತಳ ಸೀಳಿ ನೀರು ನುಗ್ಗಿದಾಗ ಅದಕ್ಕೆ ಉತ್ತರ ಸಿಕ್ಕಿತು. ಪಂಪು ನಡೆಸಬೇಕು, ಆದರೆ ಕಲ್ಲಿದ್ದಲು ಉಳಿಸಬೇಕು. ಮೆಲ್ವಿಲ್ ಗಾಳಿಯಂತ್ರವೊಂದನ್ನು ಕಟ್ಟಿ ಅದರಿಂದ ನೀರೆತ್ತಿಸಿದ. ಹೊಸ ದ್ವೀಪವೊಂದು ಕಂಡಾಗ, ಒಡೆದು ತೇಲುತ್ತಿದ್ದ ಹಿಮದ ಮೇಲೆ ಜಾರುಬಂಡಿ ಎಳೆದುಕೊಂಡು ಹೋಗಿ 1881ರ ಜೂನ್ ಆರಂಭದಲ್ಲಿ ಅದರ ಮೇಲೆ ಮೊದಲು ಕಾಲಿಟ್ಟ ತಂಡದ ಮುಂದಾಳು ಅವನೇ. ಹೆನ್ರಿಯೆಟಾ ಎಂದು ಅದಕ್ಕೆ ಹೆಸರಿಟ್ಟರು. ಮುಂದೆ ಕೆಲವೇ ದಿನ. ಜೂನ್ 12ರಂದು ಹಿಮ ಹಡಗನ್ನು ನುಚ್ಚುಮಾಡಿತು. ಮರುದಿನ ನಸುಕಿನಲ್ಲಿ ಅದು ಮುಳುಗಿತು.

ಅಲ್ಲಿಂದ ದಕ್ಷಿಣಕ್ಕೆ ಸೈಬೀರಿಯದ ಕಡೆ ನಡಿಗೆ. ಮೂರು ದೋಣಿಗಳನ್ನು ಹಿಮದ ಮೇಲೆ ಎಳೆಯಬೇಕು. ಕೆಲವು ದಿನಗಳ ಬಳಿಕ ಡಿ ಲಾಂಗ್ ಲೆಕ್ಕ ಹಾಕಿ ನೋಡಿದರೆ, ಹೊರಟ ಜಾಗಕ್ಕಿಂತಲೂ ಉತ್ತರಕ್ಕೆ ಬಂದಿದ್ದರು! ಇವರು ದಕ್ಷಿಣಕ್ಕೆ ನಡೆಯುತ್ತಿದ್ದಂತೆ ಕಾಲಕೆಳಗಿನ ಹಿಮ ಉತ್ತರಕ್ಕೆ ತೇಲುತ್ತಿತ್ತು. ಈ ಸಂಗತಿಯನ್ನು ಆತ ಜೊತೆಯವರಲ್ಲಿ ಹೆಚ್ಚಿನವರಿಗೆ ತಿಳಿಸಲಿಲ್ಲ.

ದೋಣಿಗಳನ್ನು ಹಂಚುವಾಗ ತೊಡಕು ಬಂತು. ನಿಯಮದ ಪ್ರಕಾರ ಒಂದು ದೋಣಿ ಲೆಫ್ಟಿನೆಂಟ್ ಡೇನನ್‌ಹೋವರನಿಗೆ ಸಲ್ಲಬೇಕು. ಆದರೆ ಅವನು ಕಣ್ಣಿನ ರೋಗದಿಂದ ಬಹುಕಾಲ ನರಳಿ ರೋಗಿಗಳ ಪಟ್ಟಿಯಲ್ಲಿದ್ದ. ಡಿ ಲಾಂಗ್ ಲಿಖಿತ ಆಜ್ಞೆ ಕೊಟ್ಟು ಮೆಲ್ವಿಲ್‌ನನ್ನು ಆ ದೋಣಿಯ ಮುಖ್ಯಸ್ಥನನ್ನಾಗಿ ಮಾಡಿದ. ಡೇನನ್‌ಹೋವರನಿಗೆ ಅಸಮಾಧಾನವಾಯಿತು. ಅದು ಸಹಜವೇ. ಸೆಪ್ಟೆಂಬರ್ 12ರ ಬಿರುಗಾಳಿಯಲ್ಲಿ ಮೂರೂ ದೋಣಿಗಳು ಚದುರಿದವು. ಚಿಪ್ ಎಂಬ ಅಧಿಕಾರಿಯ ದೋಣಿ ಎಂಟು ಮಂದಿಯೊಡನೆ ಕಾಣೆಯಾಯಿತು. ಮೆಲ್ವಿಲ್‌ನ ಹನ್ನೊಂದು ಮಂದಿ ತೇಲುವ ಲಂಗರೊಂದನ್ನು ಬಿಟ್ಟು, ಅಲೆಗೆ ಮುಖ ಕೊಟ್ಟು ಉಳಿದರು. ಆ ರಾತ್ರಿಯ ಕೀರ್ತಿಯಲ್ಲಿ ಡೇನನ್‌ಹೋವರನ ನಾವಿಕಜ್ಞಾನಕ್ಕೂ ಪಾಲು ಸಲ್ಲಬೇಕೆಂದೇ ನನ್ನ ಎಣಿಕೆ.

ಮೆಲ್ವಿಲ್‌ನ ದೋಣಿ ಲೀನಾ ನದೀಮುಖಜ ಭೂಮಿಯ ಪೂರ್ವಭಾಗ ಸೇರಿತು. ಅಲ್ಲಿ ತುಂಗುಸ್ ಮೀನುಗಾರರು ಕಂಡರು. ಹಳ್ಳಿಯೊಂದರಲ್ಲಿ ಆಶ್ರಯ ದೊರೆಯಿತು. ಡಿ ಲಾಂಗ್‌ನ ಹದಿನಾಲ್ಕು ಮಂದಿ ಇಳಿದದ್ದು ಉತ್ತರದಲ್ಲಿ, ಜನರಿಲ್ಲದ ಕಡೆ. ಹಸಿವು ಮಿತಿಮೀರಿದಾಗ ಆತ ನಿಂಡೆಮನ್, ನೊರೋಸ್ ಎಂಬ ಇಬ್ಬರು ನಾವಿಕರನ್ನು ಮುಂದೆ ಕಳಿಸಿದ. ಅವರಿಗೆ ಜನ ಸಿಕ್ಕರು, ಅನ್ನ ಸಿಕ್ಕಿತು. ಆದರೆ ಭಾಷೆ ಸಿಗಲಿಲ್ಲ. ಹಿಂದೆ ಹನ್ನೊಂದು ಮಂದಿ ಸಾಯುತ್ತಿದ್ದಾರೆಂಬುದನ್ನು ಕೈಸನ್ನೆಯಿಂದ ತಿಳಿಸಲು ನಿಂಡೆಮನ್ ಎಷ್ಟು ಹೆಣಗಿದರೂ ಆ ಒಳ್ಳೆಯ ಜನಕ್ಕೆ ಅರ್ಥವಾಗಲಿಲ್ಲ. ಈ ಇಡೀ ಕಥೆಯಲ್ಲಿ ನನ್ನನ್ನು ಬಹಳವಾಗಿ ಕಲಕಿದ ಭಾಗ ಇದು. ಕ್ರೌರ್ಯ ಯಾರದೂ ಇಲ್ಲ. ಒಂದು ವಾಕ್ಯ ದಾಟಿಸಲಾಗದೆ ಹೋಯಿತು, ಅಷ್ಟೆ.

ಕುಜ್ಮಾ ಎಂಬ ಗಡೀಪಾರಾದ ರಷ್ಯನ್ನನ ಮೂಲಕ ಆ ಇಬ್ಬರ ಚೀಟಿ ಮೆಲ್ವಿಲ್‌ಗೆ ತಲುಪಿದ್ದು ಅಕ್ಟೋಬರ್ ಕೊನೆಯಲ್ಲಿ. ಡಿ ಲಾಂಗ್‌ನ ದಿನಚರಿಯ ಕೊನೆಯ ಬರಹದ ತಾರೀಖು ಅಕ್ಟೋಬರ್ 30.

ಒಂದು ತಿಂಗಳು ಹಳ್ಳಿಯಲ್ಲಿ ಕುಳಿತದ್ದೇಕೆ ಎಂದು ಮೆಲ್ವಿಲ್‌ನನ್ನು ಮುಂದೆ ಕೇಳಿದರು. ನೌಕಾದಳದ ವಿಚಾರಣೆ ನಡೆಯಿತು. ಮೃತರಲ್ಲೊಬ್ಬನಾದ ಕಾಲಿನ್ಸ್‌ನ ಬಂಧುಗಳ ದೂರಿನ ಮೇಲೆ 1884ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೂ ಕುಳಿತಿತು. ತನ್ನವರ ಕಾಲುಗಳು ಹಿಮಕ್ಕೆ ಕೊಳೆಯುತ್ತಿದ್ದುವು, ನದಿ ಇತ್ತ ಹರಿಯದು ಅತ್ತ ಹೆಪ್ಪುಗಟ್ಟದು, ದೋಣಿಯೂ ಹೋಗದು ಜಾರುಬಂಡಿಯೂ ಹೋಗದು ಎಂಬುದು ಅವನ ಉತ್ತರ. ವಿಚಾರಣೆಗಳು ಅವನನ್ನು ನಿರ್ದೋಷಿಯೆಂದವು. ನನಗೂ ಬೇರೆ ತೀರ್ಪು ಸಾಧ್ಯವೆನಿಸುವುದಿಲ್ಲ. ಆದರೆ ಸುದ್ದಿ ಸಿಕ್ಕ ಮೇಲೆ ಅವನು ನಡೆದುಕೊಂಡ ರೀತಿಯನ್ನು ನೋಡಿ: ಇತರರು ದಕ್ಷಿಣದ ಯಾಕೂತ್ಸ್‌ಕ್ ನಗರದತ್ತ ಹೊರಡಲೆಂದು ಏರ್ಪಡಿಸಿ, ಊದಿದ ಕಾಲುಗಳನ್ನು ನಾಯಿಬಂಡಿಯ ಮೇಲೆ ಚಾಚಿಕೊಂಡು ತಾನು ಉತ್ತರಕ್ಕೆ ಹೊರಟ. ಡಿ ಲಾಂಗ್ ಹೂತಿಟ್ಟಿದ್ದ ಹಡಗಿನ ದಾಖಲೆಗಳನ್ನು ತಂದ. ಹಿಮ ಹೆಜ್ಜೆಗಳನ್ನೆಲ್ಲ ಮುಚ್ಚಿತ್ತು. ಚಳಿಗಾಲ ಕಳೆಯುತ್ತಲೇ ಮತ್ತೆ ಹೋದ. 1882ರ ಮಾರ್ಚ್ 23ರಂದು ಹಿಮದಿಂದ ಹೊರಚಾಚಿದ್ದ ಒಂದು ತೋಳು ಕಣ್ಣಿಗೆ ಬಿತ್ತು. ಅದು ಡಿ ಲಾಂಗ್‌ನದು. ಸಿಕ್ಕಿದ ಹತ್ತು ದೇಹಗಳನ್ನು ಪ್ರವಾಹ ಮುಟ್ಟದ ಎತ್ತರದಲ್ಲಿ ಹೂಳಿ, ಮೇಲೆ ಕಲ್ಲು ಪೇರಿಸಿ, ಮರದ ಶಿಲುಬೆ ನಿಲ್ಲಿಸಿದ.

1887ರಲ್ಲಿ ಮೆಲ್ವಿಲ್, ಅನೇಕ ಹಿರಿಯರನ್ನು ದಾಟಿ, ನೌಕಾದಳದ ಮುಖ್ಯ ಇಂಜಿನಿಯರನಾದ. ಹದಿನಾರು ವರ್ಷ ಆ ಪೀಠದಲ್ಲಿದ್ದು ನೀರ್ಕೊಳವೆಯ ಬಾಯ್ಲರುಗಳನ್ನೂ ಮೂರು ತಿರುಪುಗಳ ಹಡಗುಗಳನ್ನೂ ಬಳಕೆಗೆ ತಂದ. ಇಂಜಿನಿಯರುಗಳ ಅಂತಸ್ತಿಗಾಗಿ ವಾದಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕೊನೆಗೆ 1899ರ ಕಾನೂನು ಎರಡು ವರ್ಗಗಳನ್ನೂ ಒಂದುಗೂಡಿಸಿತು.

ಅದೇ ವರ್ಷ ಇನ್ನೊಂದು ಕೆಲಸವೂ ಆಯಿತು. ಜೆನೆಟ್ ಹಡಗಿನ ಕೆಲವು ವಸ್ತುಗಳು 1884ರಲ್ಲಿ ಗ್ರೀನ್‌ಲ್ಯಾಂಡಿನ ತೀರದಲ್ಲಿ ಸಿಕ್ಕಿದ್ದುವು. ನೊರೋಸ್‌ನ ಹೆಸರು ಬರೆದ ಷರಾಯಿಯೂ ಅವುಗಳಲ್ಲಿತ್ತು. ಆ ಸುದ್ದಿಯೇ ನಾನ್ಸೆನ್‌ನ ‘ಫ್ರಾಮ್’ ಯಾತ್ರೆಗೆ ಬೀಜವಾಯಿತು. ಹಿಮದ ಹರಿವನ್ನು ಮತ್ತೆ ಪರೀಕ್ಷಿಸಲು ಮೆಲ್ವಿಲ್‌ನ ಸಲಹೆಯಂತೆ ಕದಿರಿನಾಕಾರದ ಮರದ ಪೀಪಾಯಿಗಳನ್ನು ಅಲಾಸ್ಕದ ಉತ್ತರದ ಕಡಲಿಗೆ ಬಿಟ್ಟರು. ಅವುಗಳಲ್ಲೊಂದು 1905ರಲ್ಲಿ ಐಸ್‌ಲ್ಯಾಂಡಿನ ದಡಕ್ಕೆ ಬಂದು ಬಿದ್ದಿತು. ಆಗ ಮೆಲ್ವಿಲ್ ನಿವೃತ್ತನಾಗಿ ಎರಡು ವರ್ಷವಾಗಿತ್ತು. 1912ರ ಮಾರ್ಚಿಯಲ್ಲಿ ಫಿಲಡೆಲ್ಫಿಯದಲ್ಲಿ ತೀರಿಕೊಂಡ.