ಜಾನಕಿ ಅಮ್ಮಾಳರಿಂದ ಮಾನ್ವಿಯ ಹೊಲದವರೆಗೆ: ಸಸ್ಯವಿಜ್ಞಾನದಲ್ಲಿ ಹೆಣ್ಣುಮಕ್ಕಳ ಹೆಸರು ಎಲ್ಲಿದೆ?

ರಾಯಚೂರಿನಲ್ಲಿ ಬಿಎಸ್ಸಿ ಓದಿದ ಮೂರು ವರ್ಷದಲ್ಲಿ ಸಸ್ಯಶಾಸ್ತ್ರದ ಪಾಠದೊಳಗೆ ನನಗೆ ಸಿಕ್ಕ ಹೆಸರುಗಳು ಲಿನೇಯಸ್, ಮೆಂಡೆಲ್, ಬೆಂಥಮ್, ಹೂಕರ್. ನಮ್ಮ ದೇಶದ್ದು ಅಂದ್ರೆ ಬೀರಬಲ್ ಸಾಹ್ನಿ, ಮಾಹೇಶ್ವರಿ. ಕ್ಲಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ ಇದ್ದೆವು. ಪುಸ್ತಕದಲ್ಲಿ ಒಬ್ಬಳೂ ಇರಲಿಲ್ಲ. ಆಗ ಅದು ವಿಚಿತ್ರ ಅಂತಲೂ ಅನ್ನಿಸಿರಲಿಲ್ಲ, ಯಾಕಂದ್ರೆ ಇಲ್ಲದವರನ್ನು ಯಾರು ಹುಡುಕುತ್ತಾರೆ? ಹುಡುಕಲು ಶುರು ಮಾಡಿದ ಮೇಲೆ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಗದದ ಹೂವಿನಿಂದ ಶುರು ಮಾಡೋಣ. ನಮ್ಮ ಕಡೆ ಕಾಂಪೌಂಡುಗಳ ಮೇಲೆ, ಎಂಥ ಬಿಸಿಲಿಗೂ ಬಾಡದೆ ನಿಲ್ಲುವ ಬೋಗನ್‌ವಿಲ್ಲಾ. ಬೋಗನ್‌ವಿಲ್ ಎಂಬ ಫ್ರೆಂಚ್ ನೌಕಾಧಿಕಾರಿಯ ಹೆಸರು ಅದಕ್ಕೆ. ಆತನ ಹಡಗುಗಳು 1766ರಲ್ಲಿ ಹೊರಟಾಗ ಕಾಮರ್ಸನ್ ಎಂಬ ಸಸ್ಯವಿಜ್ಞಾನಿಯ ಜೊತೆ ಒಬ್ಬ 'ಸಹಾಯಕ'ನಿದ್ದ. ಆತ ಗಂಡಲ್ಲ, ಝಾನ್ ಬಾರೆ ಎಂಬ ಹೆಣ್ಣುಮಗಳು. ಫ್ರೆಂಚ್ ನೌಕಾಪಡೆಯ ಹಡಗಿನಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ, ಅದಕ್ಕೇ ಈ ವೇಷ. ಬಡ ಕುಟುಂಬದಲ್ಲಿ ಹುಟ್ಟಿದ ಈಕೆಯೇ ಬೆಟ್ಟ ಹತ್ತಿ, ಗಿಡ ಕಿತ್ತು, ಒತ್ತಿ ಒಣಗಿಸಿ, ಹೊರೆ ಹೊತ್ತು ತರುತ್ತಿದ್ದಳು. ಕಾಮರ್ಸನ್‌ಗೆ ಕಾಲಿನ ಕಾಯಿಲೆ. ಭೂಮಿಯನ್ನು ಸುತ್ತಿಬಂದ ಮೊದಲ ಮಹಿಳೆ ಎಂದು ಈಗ ಆಕೆಯನ್ನು ಗುರುತಿಸುತ್ತಾರೆ. ಕಾಮರ್ಸನ್ ಹೆಸರಿನಲ್ಲಿ ಹತ್ತಾರು ಗಿಡಗಳಿವೆ. ಆಕೆಯ ಹೆಸರು ಒಂದು ಗಿಡಕ್ಕೆ ಉಳಿದು ಬಂದದ್ದು 2012ರಲ್ಲಿ, ಬದನೆಯ ಬಳಗದ ಒಂದು ಬಳ್ಳಿಗೆ. ಅಷ್ಟಾಗಲು ಎರಡೂಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಇನ್ನೊಂದು ಗಿಡ ರತ್ನಗಂಧಿ. ಕೆಂಪು-ಹಳದಿ ಹೂವಿನದು, ಪಾರ್ಕುಗಳಲ್ಲಿ ನೋಡಿರುತ್ತೀರಿ. ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಜರ್ಮನ್ ಮೂಲದ ಚಿತ್ರಕಾರ್ತಿ 1699ರಲ್ಲಿ, ತನ್ನ 52ನೇ ವಯಸ್ಸಿನಲ್ಲಿ, ಕಿರಿಯ ಮಗಳನ್ನು ಕರೆದುಕೊಂಡು ಡಚ್ಚರ ವಸಾಹತು ಸುರಿನಾಮ್‌ಗೆ ಹೋದಳು. 1705ರಲ್ಲಿ ಪ್ರಕಟವಾದ ಆಕೆಯ ಪುಸ್ತಕದಲ್ಲಿ ಈ ಗಿಡದ ಬಗ್ಗೆ ಒಂದು ಮಾತಿದೆ: ಅಲ್ಲಿ ಗುಲಾಮಗಿರಿಗೆ ಸಿಕ್ಕ ಹೆಂಗಸರು, ತಮ್ಮ ಮಕ್ಕಳೂ ಗುಲಾಮರಾಗಬಾರದು ಅಂತ ಇದರ ಬೀಜ ತಿಂದು ಗರ್ಭ ಇಳಿಸಿಕೊಳ್ಳುತ್ತಿದ್ದರು. ಇದನ್ನು ಆ ಹೆಂಗಸರೇ ಆಕೆಗೆ ಹೇಳಿದ್ದು. ಗಿಡ ಯುರೋಪಿನ ತೋಟಗಳಿಗೆ ಬಂತು, ಅದರ ಜೊತೆಗಿದ್ದ ಈ ತಿಳಿವಳಿಕೆ ಬರಲಿಲ್ಲ. ಮೇರಿಯನ್‌ಗೆ ಹೆಸರು ಉಳಿಯಿತು; ಹೇಳಿಕೊಟ್ಟವರಿಗೆ ಅದೂ ಇಲ್ಲ. ಹೆಣ್ಣುಮಕ್ಕಳ ಚರಿತ್ರೆ ಅಂತ ನಾವು ಬರೆಯುವಾಗಲೂ ಯಾವ ಹೆಣ್ಣುಮಕ್ಕಳದ್ದು ಅನ್ನೋ ಪ್ರಶ್ನೆ ಕೇಳಲೇಬೇಕು.

ಸಂಸ್ಥೆಗಳ ಬಾಗಿಲಂತೂ ಬಹಳ ತಡವಾಗಿ ತೆರೆಯಿತು. 1788ರಲ್ಲಿ ಶುರುವಾದ ಲಂಡನ್ನಿನ ಲಿನಿಯನ್ ಸೊಸೈಟಿ ಹೆಂಗಸರನ್ನು ಫೆಲೋ ಆಗಿ ಆಯ್ಕೆ ಮಾಡಿದ್ದು 1904ರಲ್ಲಿ.

ಇನ್ನು ನಮ್ಮ ಕಡೆಗೆ ಬರೋಣ. ಎಡವಲತ್ ಕಕ್ಕಟ್ ಜಾನಕಿ ಅಮ್ಮಾಳ್ ಹುಟ್ಟಿದ್ದು 1897ರಲ್ಲಿ, ಕೇರಳದ ತಲಶ್ಶೇರಿಯಲ್ಲಿ, ತೀಯ ಸಮುದಾಯದ ಕುಟುಂಬದಲ್ಲಿ. ಮದರಾಸಿನಲ್ಲಿ ಓದಿ, ಅಲ್ಲೇ ಪಾಠ ಮಾಡಿ, ಬಾರ್ಬರ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1931ರಲ್ಲಿ ಡಾಕ್ಟರೇಟ್ ಪಡೆದರು. ಮದುವೆ ಆಗಲಿಲ್ಲ. 1934ರಿಂದ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಕೆಲಸ.

ಆ ಕೆಲಸ ಏನು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಬ್ಬು, ಜೋಳ, ಮೆಕ್ಕೆಜೋಳ ಎಲ್ಲವೂ ಹುಲ್ಲಿನ ಕುಟುಂಬದವು, ಆದರೆ ಬೇರೆ ಬೇರೆ ಕುಲ. ಅಂಥ ದೂರದ ನೆಂಟರನ್ನು ಕೂಡಿಸಿ ಬೀಜ ಕಟ್ಟಿಸುವುದು ಸುಲಭವಲ್ಲ. ಜಾನಕಿ ಅಮ್ಮಾಳ್ ಕಬ್ಬನ್ನು ಮೆಕ್ಕೆಜೋಳದೊಂದಿಗೆ, ಇತರ ಹುಲ್ಲುಗಳೊಂದಿಗೆ ಕೂಡಿಸಿ, ಹುಟ್ಟಿದ ಸಸಿಯ ಜೀವಕೋಶದೊಳಗೆ ಯಾವ ಕ್ರೋಮೋಸೋಮು ಎಷ್ಟು ಬಂದಿದೆ ಅಂತ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಿದ್ದರು. ಎಣಿಕೆ ಅಂದ್ರೆ ಬರೀ ಲೆಕ್ಕ ಅಲ್ಲ; ಯಾವ ಬೆಳೆ ಯಾವ ಕಾಡುಗಿಡದಿಂದ ಬಂತು, ಯಾವುದು ಯಾವುದರ ಜೊತೆ ಕೂಡುತ್ತದೆ ಅನ್ನೋದರ ಗುಟ್ಟು ಅಲ್ಲಿರುತ್ತದೆ. ಆ ಕೇಂದ್ರದಲ್ಲಿ ಒಂಟಿ ಹೆಂಗಸಾಗಿ, 'ಕೆಳಜಾತಿ' ಅನ್ನಿಸಿಕೊಂಡವರಾಗಿ ಅವರು ಎದುರಿಸಿದ ಅಡ್ಡಿಗಳನ್ನು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. 1940ರ ಹೊತ್ತಿಗೆ ಅವರು ಇಂಗ್ಲೆಂಡಿನಲ್ಲಿದ್ದರು, ತಲೆಯ ಮೇಲೆ ಬಾಂಬು ಬೀಳುವ ಕಾಲದಲ್ಲಿ. ಅಲ್ಲಿ ಸಿ.ಡಿ. ಡಾರ್ಲಿಂಗ್ಟನ್ ಜೊತೆ ಸೇರಿ ಬರೆದ ಬೆಳೆಗಳ ಕ್ರೋಮೋಸೋಮು ಅಟ್ಲಾಸ್ 1945ರಲ್ಲಿ ಬಂತು.

ನೆಹರೂ ಕರೆದರು ಅಂತ 1951ರ ಸುಮಾರಿಗೆ ವಾಪಸ್ ಬಂದು ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯನ್ನು ಮತ್ತೆ ಕಟ್ಟುವ ಕೆಲಸ ಹೊತ್ತರು. ಆದರೆ ಮುಖ್ಯ ಸಸ್ಯವಿಜ್ಞಾನಿಯ ಕುರ್ಚಿ ಹೋಗಿದ್ದು ಫಾದರ್ ಸಂತಾಪೌ ಅವರಿಗೆ. ಸಂತಾಪೌ ದೊಡ್ಡ ವಿದ್ವಾಂಸರೇ, ಅದರಲ್ಲಿ ತಕರಾರಿಲ್ಲ. ಆದರೂ ಕರೆಸಿಕೊಂಡವಳಿಗೆ 'ವಿಶೇಷಾಧಿಕಾರಿ' ಪದ, ಕುರ್ಚಿ ಇನ್ನೊಬ್ಬರಿಗೆ ಅನ್ನೋದು ನಮ್ಮ ಆಫೀಸುಗಳಲ್ಲಿ ಇವತ್ತಿಗೂ ಹಳೆಯದಾಗದ ಕತೆ. 1955ರಲ್ಲಿ ಮನುಷ್ಯ ಭೂಮಿಯನ್ನು ಹೇಗೆ ಬದಲಿಸುತ್ತಿದ್ದಾನೆ ಅನ್ನೋ ಬಗ್ಗೆ ಪ್ರಿನ್ಸ್‌ಟನ್‌ನಲ್ಲಿ ನಡೆದ ದೊಡ್ಡ ವಿಚಾರಸಂಕಿರಣಕ್ಕೆ ಆಹ್ವಾನ ಪಡೆದ ಏಕೈಕ ಮಹಿಳೆ ಅವರು. ಅಲ್ಲಿ ಮಾತಾಡಿದ್ದು ಭಾರತದ ಜನ ಹೊಟ್ಟೆಪಾಡಿಗೆ ನಡೆಸುವ ಬೇಸಾಯದ ಬಗ್ಗೆ. ಎಂಬತ್ತು ದಾಟಿದ ಮೇಲೂ ಸೈಲೆಂಟ್ ವ್ಯಾಲಿಯ ಜಲವಿದ್ಯುತ್ ಯೋಜನೆಗೆ ವಿರೋಧವಾಗಿ ನಿಂತರು. 1984ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅದೇ ನವೆಂಬರಿನಲ್ಲಿ ಆ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು.

ಬೆಂಗಳೂರಿನ ನಂಟೂ ಇದೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಗೆ ಮರುವರ್ಷವೇ ಜಾನಕಿ ಅಮ್ಮಾಳ್ ಫೆಲೋ ಆದರು. ಇದೇ ರಾಮನ್, 1933ರಲ್ಲಿ ಕಮಲಾ ಸೊಹೋನಿ ಐಐಎಸ್‌ಸಿಗೆ ಅರ್ಜಿ ಹಾಕಿದಾಗ ಹೆಣ್ಣು ಅಂತ ಬೇಡ ಅಂದವರು. ಆಕೆ ಪಟ್ಟು ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಆಕೆ ಮುಂದೆ ಕೇಂಬ್ರಿಡ್ಜ್‌ನಲ್ಲಿ, ಸಸ್ಯಗಳ ಜೀವಕೋಶದಲ್ಲೂ ಸೈಟೋಕ್ರೋಮ್ ಸಿ ಇದೆ ಅಂತ ತೋರಿಸಿ 1939ರಲ್ಲಿ ಪಿಎಚ್‌ಡಿ ಪಡೆದರು. ಒಬ್ಬನೇ ಮನುಷ್ಯನ ಎರಡು ಮುಖ ಅಂತ ಬಿಡಬಹುದು. ನನಗೆ ಕಾಣೋದು ಇಷ್ಟು: ಹೊರಗೆ ಹೆಸರು ಮಾಡಿ ಬಂದವಳಿಗೆ ಗೌರವ ಕೊಡುವುದು ಸುಲಭ, ಬಾಗಿಲಲ್ಲಿ ನಿಂತ ಹುಡುಗಿಗೆ ಸೀಟು ಕೊಡುವುದು ಕಷ್ಟ.

ಇದೆಲ್ಲ ಓದುವಾಗ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಹತ್ತಿಯ ಕ್ರಾಸಿಂಗ್ ಕೆಲಸ. ಧಾರವಾಡದಲ್ಲಿ ಬಿ.ಎಚ್. ಕಟರಕಿ 1972ರಲ್ಲಿ ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ 'ವರಲಕ್ಷ್ಮಿ' ತಳಿ ಕೊಟ್ಟರು. ಆದರೆ ಹೈಬ್ರಿಡ್ ಬೀಜವನ್ನು ರೈತ ಮನೆಯಲ್ಲಿ ಉಳಿಸಿಕೊಳ್ಳಲಾಗದು, ಪ್ರತಿ ವರ್ಷ ಹೊಸದಾಗಿ ಹುಟ್ಟಿಸಬೇಕು. ರಾಣೆಬೆನ್ನೂರು, ಕುಷ್ಟಗಿ ಕಡೆಯ ಬೀಜದ ತಾಕುಗಳಲ್ಲಿ ಸಂಜೆ ಹೊತ್ತು ನಾಳೆ ಅರಳುವ ಮೊಗ್ಗನ್ನು ಉಗುರಿನಿಂದ ಬಿಡಿಸಿ ಗಂಡುಭಾಗ ತೆಗೆಯುತ್ತಾರೆ, ಗುರುತು ಹಾಕುತ್ತಾರೆ; ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗ ತಂದು ಸವರುತ್ತಾರೆ. ಒಂದೊಂದು ಹೂವಿಗೂ ಹೀಗೇ. ಮಾಡುವವರು ಬಹುತೇಕ ಹೆಂಗಸರು. ಶಾಲೆ ಬಿಟ್ಟ ಹುಡುಗಿಯರನ್ನು ಇದಕ್ಕೆ ದುಡಿಸಿಕೊಂಡಿದ್ದೂ ಉಂಟು. ಜಾನಕಿ ಅಮ್ಮಾಳ್ ಕಬ್ಬಿನ ಹೂವಿಗೆ ಮಾಡಿದ್ದು ಮೂಲತಃ ಇದೇ ಕೆಲಸ. ಒಂದು ಕಡೆ ಅದಕ್ಕೆ ಸಸ್ಯವಿಜ್ಞಾನ ಅಂತ ಹೆಸರು, ಇನ್ನೊಂದು ಕಡೆ ದಿನಗೂಲಿ. ಕ್ರೋಮೋಸೋಮು ಎಣಿಸುವುದಕ್ಕೂ ಮೊಗ್ಗು ಬಿಡಿಸುವುದಕ್ಕೂ ವ್ಯತ್ಯಾಸ ಇಲ್ಲ ಅಂತಲ್ಲ ನನ್ನ ಮಾತು. ಆ ವ್ಯತ್ಯಾಸವನ್ನು ದಾಟುವ ಏಣಿ ಯಾರಿಗೆ ಸಿಗುತ್ತದೆ ಅನ್ನೋದೇ ನನ್ನ ಪ್ರಶ್ನೆ. ದೇವದುರ್ಗದಲ್ಲಿ ಹತ್ತಿ ಬಿಡಿಸಲು ಹೋಗುವ ಹುಡುಗಿಗೂ ರಾಯಚೂರಿನಲ್ಲಿ 2009ರಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯಕ್ಕೂ ನಡುವೆ ಬಸ್ಸಿನ ದಾರಿ ದೊಡ್ಡದೇನಲ್ಲ.

ಗುರುತಿಸುವ ವಿದ್ಯೆಯೂ ಹಾಗೇ. ಅಂಕೋಲಾದ ಹೊನ್ನಳ್ಳಿಯ ಹಾಲಕ್ಕಿ ತುಳಸಿ ಗೌಡ ದಶಕಗಟ್ಟಲೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಮಾಡಿದವರು. ಯಾವ ತಾಯಿಮರದಿಂದ ಯಾವಾಗ ಬೀಜ ಆರಿಸಬೇಕು ಅನ್ನೋದು ಅವರಿಗೆ ಬಾಯಿಪಾಠ. ಪದ್ಮಶ್ರೀ ಬಂದದ್ದು 2020ರ ಪಟ್ಟಿಯಲ್ಲಿ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಪ್ರಶಸ್ತಿ ಬಾರದ ತುಳಸಿಯರು ನಮ್ಮ ಮಾನ್ವಿಯಲ್ಲೂ ಇದ್ದಾರೆ. ಎರೆಹೊಲದಲ್ಲಿ ಕಳೆ ತೆಗೆಯುವಾಗ ಯಾವುದು ಕಸ, ಯಾವುದು ಹಕ್ಕರಕಿ, ಯಾವುದು ಗೋಳಿ ಪಲ್ಯ ಅಂತ ನೋಡಿದ ಕೂಡಲೇ ಹೇಳುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಕಡೆ ಬಿಳಿಜೋಳ ಹೋಗಿ ಭತ್ತ ಬಂತು, ಆಮೇಲೆ ಕಳೆನಾಶಕ ಬಂತು. ಕಳೆನಾಶಕಕ್ಕೆ ಕಸವೂ ಒಂದೇ, ಪಲ್ಯವೂ ಒಂದೇ. ಗಿಡ ಹೋದ ಮೇಲೆ ಅದರ ಹೆಸರು ಎಷ್ಟು ದಿನ ಉಳಿದೀತು?

ಇದನ್ನು ಬರೆದಿಡಲು ಕಾನೂನೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2004ರ ನಿಯಮದಲ್ಲಿ ಆ ಸಮಿತಿಗೆ ನೇಮಿಸುವವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು, ಶೇ 18ರಷ್ಟು ಪರಿಶಿಷ್ಟ ಜಾತಿ-ಪಂಗಡದವರು ಇರಬೇಕೆಂದು ಬರೆದಿತ್ತು. ಊರಿನವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ತಯಾರಿಸುವುದು ಅದರ ಮುಖ್ಯ ಕೆಲಸ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕೆ 2020ರ ಜನವರಿಯ ಗಡುವನ್ನೂ ಹಾಕಿತ್ತು. ಮುಂದಿನ ಗ್ರಾಮಸಭೆಗೆ ಹೋದಾಗ ಪಿಡಿಒ ಅವರನ್ನು ಕೇಳಿ: ನಮ್ಮ ಪಂಚಾಯ್ತಿಯ ದಾಖಲಾತಿ ಎಲ್ಲಿದೆ, ಸಮಿತಿಯಲ್ಲಿರುವ ಹೆಂಗಸರು ಯಾರು, ಹಕ್ಕರಕಿಯ ಬಗ್ಗೆ ಅದರಲ್ಲಿ ಬರೆದಿದ್ದರೆ ಯಾರು ಹೇಳಿದ್ದು ಅಂತ ಹೆಸರು ಹಾಕಿದ್ದೀರಾ?