ಬೆಸ್ಸಿಯ ಬ್ಲೂಸ್, ನಮ್ಮ ಅಜ್ಜಿಯಂದಿರ ಸಿರಿ



1923ರಲ್ಲಿ ಅಮೆರಿಕದ ಕಪ್ಪು ಗಾಯಕಿ ಬೆಸ್ಸಿ ಸ್ಮಿತ್ ಹಾಡಿದ 'ಡೌನ್‌ಹಾರ್ಟೆಡ್ ಬ್ಲೂಸ್' ರೆಕಾರ್ಡ್ ಲಕ್ಷಗಟ್ಟಲೆ ಮಾರಾಟವಾಯ್ತು. ಪ್ರೀತಿ ಮುರಿದ ಹೆಂಗಸಿನ ಹಾಡು. ಇದ್ರಲ್ಲಿ ರಾಜಕೀಯ ಎಲ್ಲಿದೆ? ಏಂಜೆಲಾ ಡೇವಿಸ್ 1998ರ ಪುಸ್ತಕದಲ್ಲಿ ಉತ್ತರ ಕೊಟ್ಟಿದ್ದಾರೆ: ಗುಲಾಮರಿಗೆ ಸಂಗಾತಿಯನ್ನು ಆರಿಸುವ ಹಕ್ಕಿರಲಿಲ್ಲ, ಬಿಡುಗಡೆಯಾದ ಮೇಲೆ ಪ್ರೀತಿಸೋದು, ಬಿಟ್ಟು ಹೋಗೋದು ಎರಡೂ ಸ್ವಾತಂತ್ರ್ಯವೇ.

ನಮ್ಮಲ್ಲಿ ಸಿರಿ ಪಾಡ್ದನ ಇದೆ. ಗಂಡ ಕಾಂತಪೂಂಜ ಬೇರೆ ಹೆಣ್ಣು ಸಿದ್ದು ಉಟ್ಟ ಸೀರೆಯನ್ನೇ ಸಿರಿಗೆ ತಂದ. ಅವಳು ಒಪ್ಪಲಿಲ್ಲ. ಕೊನೆಗೆ ಸಂಬಂಧ ಕಡಿದುಕೊಂಡು ಹೊರಟಳು, ಮತ್ತೆ ಮದುವೆಯೂ ಆದಳು. ಬೆಳ್ತಂಗಡಿ ತಾಲೂಕು ಮಾಚಾರಿನ ಗೋಪಾಲ ನಾಯ್ಕರು ಹಾಡಿದ್ದನ್ನು ಲೌರಿ ಹಾಂಕೊ, ವಿವೇಕ ರೈ, ಚಿನ್ನಪ್ಪ ಗೌಡರು 1990ರಲ್ಲಿ ದಾಖಲಿಸಿದರು. 15,683 ಸಾಲು! ಅಚ್ಚಾದದ್ದು ಅದೇ 1998ರಲ್ಲಿ.

ಆದ್ರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗದ್ದೆಗಳಲ್ಲಿ ನೇಜಿ ನೆಡುತ್ತಾ ಇದನ್ನೇ ಹಾಡಿದ ನಮ್ಮ ಅಜ್ಜಿಯಂದಿರ ಹೆಸರೆಲ್ಲಿ? ಅರಮನೆ ಹೆಣ್ಣಿನ ದುಃಖಕ್ಕೆ ದನಿ ಕೊಟ್ಟವರು ಕೂಲಿ ಹೆಂಗಸರು. ಬೆಸ್ಸಿಯ ಹೆಸರು ರೆಕಾರ್ಡ್ ಮೇಲೆ ಅಚ್ಚಾಯ್ತು, ಇವರದ್ದು ಕೆಸರಲ್ಲೇ ಉಳೀತು. ಎಷ್ಟೋ ಗದ್ದೆಗಳೂ ಈಗ ಅಡಿಕೆ, ರಬ್ಬರ್ ತೋಟ.

ಮನೆಯಲ್ಲಿ ಹಾಡು ಬಲ್ಲ ಅಜ್ಜಿ ಇದ್ರೆ ಇವತ್ತೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಮೊದಲು ಅವರ ಹೆಸರು ಹೇಳಿಸಿ, ಆಮೇಲೆ ಹಾಡು.